ಗಾಜಿನ ಗಾಡಿಗೊಂದು ಸೈಲೆನ್ಸರ್

ನಮ್ಮ ಪಿಕಪ್ ಗಾಡಿಯ ಸೈಲೆನ್ಸರ್ ತುಕ್ಕು ಹಿಡಿದು ತೂತಾದಾಗ, ಹೊಸದು ಯಾವುದು ಹಾಕಿಸಬೇಕೆಂದು ವಿಚಾರಿಸುವ ಕೆಲಸ ನನ್ನ ಪಾಲಿಗೆ ಬಂತು. ಕೆಲಸ ಸಣ್ಣದೇ. ಆದರೆ ನನ್ನ ಕೈಗೆ ಬಂದ ಯಾವ ಕೆಲಸವೂ ಸಣ್ಣದಾಗಿ ಉಳಿಯುವುದಿಲ್ಲ. ಊರಿನ ಅಂಗಡಿಗಳಿಗೆಲ್ಲ ಫೋನ್ ಮಾಡಿದೆ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಲಾರಿಯವರನ್ನೂ ಕೇಳಿದೆ. ಸ್ಟೀಲಿನದು ವಾಸಿಯೋ, ಕಬ್ಬಿಣದ್ದು ಸಾಕೋ, ಪೈಪಿನ ಬಾಯಿ ಹಿಂದಕ್ಕಿರಬೇಕೋ, ಪಕ್ಕಕ್ಕೋ ಎಂದು ಊಟ ಮಾಡುವಾಗಲೂ ಅದೇ ಯೋಚನೆ.

"ಮನೆ ಕಟ್ಸೋರೂ ಇಷ್ಟು ವಿಚಾರಿಸಲ್ಲ ಕಣೋ. ಹೊಗೆ ಆಚೆ ಹೋದ್ರೆ ಸಾಕಲ್ವಾ?" ಎಂದಳು ಅಕ್ಕ.

ಅಕ್ಕನ ಗಂಡ, ಅಂದರೆ ನನ್ನ ಭಾವ, ಮೊದಲೇ ತೀರ್ಮಾನ ಹೇಳಿಬಿಟ್ಟಿದ್ದರು. "ನೇರ ಪೈಪ್ ಬರುತ್ತಲ್ಲ, ಅದನ್ನ ಹಾಕ್ಸು. ಗುಡುಗೋ ಹಾಗಿರಬೇಕು."

"ಕೂದಲು ಬೆಳ್ಳಗಾದ ಮೇಲೆ ಶೋಕಿ ಶುರುವಾಯ್ತು ನೋಡು," ಎಂದು ಅಕ್ಕ ನಕ್ಕಳು. "ನಾಳೆ ಕಪ್ಪು ಕನ್ನಡಕ ಬರುತ್ತೆ. ನಾಡಿದ್ದು ನನ್ನನ್ನ ಯಾರು ಅಂತ ಕೇಳ್ತಾರೆ."

ನನಗೆ ನಗು ಬರಲಿಲ್ಲ. ನಾವು ಗಾಜಿನ ಕೆಲಸದವರು. ಕಿಟಕಿಗೆ, ಅಂಗಡಿಯ ಮುಂಭಾಗಕ್ಕೆ ಗಾಜು ಕತ್ತರಿಸಿ, ಒಯ್ದು, ಕೂರಿಸಿ ಬರುತ್ತೇವೆ. ಗಾಡಿಯ ಹಿಂದೆ ಇಳಿಜಾರಾದ ಕಬ್ಬಿಣದ ಚೌಕಟ್ಟಿದೆ. ಗಾಜುಗಳು ಅದಕ್ಕೆ ಒರಗಿ ನಿಲ್ಲುತ್ತವೆ, ಸುತ್ತ ಬೆಲ್ಟು ಬಿಗಿಯುತ್ತೇವೆ. ಬೆಲ್ಟು ಒಂದಿಷ್ಟು ಸಡಿಲವಾದರೂ ಗಾಜಿಗೆ ಗಾಜು ತಾಗಿ ಸಣ್ಣಗೆ ಕಿರುಗುಟ್ಟುತ್ತದೆ. ಆಗಲೇ ನಿಲ್ಲಿಸಿ ಬಿಗಿಯದಿದ್ದರೆ ಸ್ವಲ್ಪ ದೂರದಲ್ಲಿ ಮೂಲೆ ಒಡೆದಿರುತ್ತದೆ.

ಆ ಸದ್ದನ್ನು ಹಿಡಿಯುವುದು ಭಾವನ ಕಿವಿ. ಇಪ್ಪತ್ತು ವರ್ಷಗಳಿಂದ ಅದನ್ನೇ ನಂಬಿ ನಮ್ಮ ಅಂಗಡಿ ನಡೆದಿದೆ. ಬಸ್ಸುಗಳ ಹಾರ್ನಿನ ನಡುವೆಯೂ "ಎಡಗಡೆ, ಹಿಂದಿನ ಬೆಲ್ಟು" ಎಂದು ಗಾಡಿಯನ್ನು ಪಕ್ಕಕ್ಕೆ ಹಾಕಿಬಿಡುತ್ತಿದ್ದರು. ಇಳಿದು ನೋಡಿದರೆ ಎಡಗಡೆ, ಹಿಂದಿನ ಬೆಲ್ಟೇ. ನಾನು ಪಕ್ಕದಲ್ಲಿ ಕೂತು ವಿಳಾಸ, ಅಳತೆ ನೋಡಿಕೊಳ್ಳುತ್ತಿದ್ದೆ. ಕೇಳಿಸಿಕೊಳ್ಳುವುದು ನನ್ನ ಕೆಲಸ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಹಾಗಿರುವಾಗ ಗುಡುಗುವ ಸೈಲೆನ್ಸರ್ ಯಾಕೆ? ಮುಂದಿನ ವಾರ ನೃತ್ಯಶಾಲೆಯೊಂದಕ್ಕೆ ಆಳೆತ್ತರದ ಕನ್ನಡಿಗಳನ್ನು ಸಾಗಿಸುವುದಿತ್ತು. ಅದನ್ನು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ.

ಸೈಲೆನ್ಸರ್ ಅಂಗಡಿ ಒಬ್ಬ ಹೆಂಗಸಿನದು. ಬೆಸುಗೆಯ ಕಪ್ಪು ಮುಖವಾಡವನ್ನು ನೆತ್ತಿಯ ಮೇಲಕ್ಕೆ ಏರಿಸಿಕೊಂಡು, ಗೋಡೆಗೆ ತೂಗುಹಾಕಿದ್ದನ್ನೆಲ್ಲ ಸ್ಪ್ಯಾನರಿನಿಂದ ತೋರಿಸುತ್ತ ಬಂದರು.

"ಇದು ಕಂಪನಿಯದರ ಥರಾನೇ. ದೊಡ್ಡ ಡಬ್ಬ, ಸದ್ದು ಒಳಗೇ ಸತ್ತುಹೋಗುತ್ತೆ. ಇದು ನಡುವಿನದು, ಸ್ವಲ್ಪ ಗತ್ತು. ಇದು ನೇರ ಪೈಪು. ಒಳಗೆ ಏನೂ ಇಲ್ಲ, ಖಾಲಿ. ಇಂಜಿನ್ನಿಗೆ ಉಸಿರಾಟ ಸಲೀಸು, ಪಕ್ಕದ ಮನೆಯೋರಿಗೆ ಕಷ್ಟ."

"ನಿಂತಾಗ ಚೆನ್ನಾಗಿ ಕೇಳ್ಸೋದು, ಓಡೋವಾಗ ಒಳಗೆ ಕೂತವರಿಗೆ ಗುಂಯ್ ಅಂತ ತಲೆ ತಿನ್ನುತ್ತಂತಲ್ಲ?" ಎಂದು ಕೇಳಿದೆ.

"ಓದ್ಕೊಂಡೇ ಬಂದಿದ್ದಾರಲ್ಲ ಅಣ್ಣಾ ಇವರು!" ಎಂದು ಆಕೆ ನನ್ನ ಜೊತೆಗಿದ್ದ ಭಾವನ ಕಡೆ ತಿರುಗಿದರು.

"ಸಂಜೆ ಕಾಲೇಜು ಅಮ್ಮಾ," ಎಂದರು ಭಾವ. "ಹಗಲು ಗಾಜು, ಸಂಜೆ ಪುಸ್ತಕ. ಎರಡೂ ಪಕ್ಷದ ವಾದ ತಾನೇ ಮಾಡ್ತಾನೆ, ತೀರ್ಪು ಮಾತ್ರ ಕೊಡಲ್ಲ. ನಮ್ಮ ಲಾಯರ್ ಸಾಹೇಬ್ರು."

"ಹಾಗಾದ್ರೆ ಹಾಕಿ ಕೊಡ್ತೀನಿ, ಒಂದೊಂದು ಸುತ್ತು ಹೋಗಿ ಬನ್ನಿ. ಪೂರ್ತಿ ಬಿಗಿಯಲ್ಲ, ದೂರ ಹೋಗ್ಬೇಡಿ."

ಇದನ್ನು ನಿರೀಕ್ಷಿಸಿಯೇ ನಾನು ಹಳೆಯ ಮೂರು ಗಾಜುಗಳನ್ನು ಚೌಕಟ್ಟಿಗೆ ಕಟ್ಟಿಕೊಂಡು ಬಂದಿದ್ದೆ. ಖಾಲಿ ಗಾಡಿಯಲ್ಲಿ ಪರೀಕ್ಷೆ ಮಾಡಿ ಏನು ಪ್ರಯೋಜನ? ಭಾವನಿಗೆ ಇದು ಅತಿಯಾಗಿ ಕಂಡಿತ್ತು. "ಕ್ಷೌರಕ್ಕೆ ಹೋಗೋವಾಗ್ಲೂ ಗಾಜು ಹೊತ್ಕೊಂಡು ಹೋಗು," ಎಂದಿದ್ದರು.

ಮೊದಲು ದೊಡ್ಡ ಡಬ್ಬದ್ದು. ಗಾಡಿ ಎಷ್ಟು ಸದ್ದಿಲ್ಲದೆ ಹೊರಟಿತೆಂದರೆ ನನ್ನ ಜೇಬಿನ ಚಿಲ್ಲರೆ ಅಲುಗುವುದೂ ಕೇಳುತ್ತಿತ್ತು. ಗೋದಾಮುಗಳ ಹಿಂದಿನ ಕಿತ್ತುಹೋದ ರಸ್ತೆಗೆ ತಿರುಗಿದೆವು. ಎರಡು ಹಳ್ಳ ದಾಟುವಷ್ಟರಲ್ಲಿ ಬೆನ್ನ ಹಿಂದೆ ಸದ್ದು ಶುರುವಾಯಿತು. ಕಿರ್... ಕಿರ್ರ್...

ಭಾವ ನಿಲ್ಲಿಸುತ್ತಾರೆ ಎಂದು ಕಾದೆ. ಅವರು ಗೇರು ಬದಲಿಸಿದರು. ಮತ್ತೆ ಕಿರ್ರ್. ಅವರ ಮುಖ ನೋಡಿದೆ. ಮುಖದಲ್ಲಿ ಏನೂ ಇಲ್ಲ. ಹಾಗಾದರೆ ಇದು ಗಾಜಿನ ಸದ್ದಲ್ಲ, ಇನ್ನೂ ಬಿಗಿಯದ ಬೋಲ್ಟಿನದ್ದೇ ಇರಬೇಕು ಎಂದುಕೊಂಡೆ. ಗಾಜಿನದಾಗಿದ್ದರೆ ಭಾವನಿಗೆ ಕೇಳಿಸದೆ ಇರುತ್ತದೆಯೇ?

ಅಂಗಡಿಗೆ ವಾಪಸು ಬಂದು ನೋಡಿದರೆ ನಡುವಿನ ಗಾಜಿನ ಕೆಳಮೂಲೆ ಉಗುರಿನಷ್ಟು ಹಾರಿಹೋಗಿತ್ತು. ಬೆಲ್ಟು ಜೋಲುಬಿದ್ದಿತ್ತು. ಭಾವ ಬಗ್ಗಿ ಆ ಮೂಲೆಯನ್ನು ಬೆರಳಿನಿಂದ ಸವರಿದರು. ತಮಾಷೆ ಮಾಡಲಿಲ್ಲ. ಎದ್ದು ನಿಂತು, "ನಡುವಿನ ಸೈಲೆನ್ಸರ್ ಬೇಡಮ್ಮಾ, ನೇರ ಪೈಪೇ ಹಾಕಿ ನೋಡೋಣ," ಎಂದರು.

ನಾನು ಬೆಲ್ಟು ಬಿಗಿದೆ. ಈ ಸಲ ಕೀಲಿ ತಿರುಗಿಸಿದ್ದೇ ತಡ, ಮರದ ಮೇಲಿದ್ದ ಕಾಗೆಗಳೆಲ್ಲ ಎದ್ದವು. ಗಾಡಿಯೊಳಗೆ ಕಾಲಡಿಯಿಂದ ಹಲ್ಲಿನ ತನಕ ಒಂದೇ ನಡುಕ. ಅದೇ ಕಿತ್ತುಹೋದ ರಸ್ತೆ. ಹಿಂದೆ ಗಾಜು ಹಾಡುತ್ತಿದೆಯೋ ಅಳುತ್ತಿದೆಯೋ ತಿಳಿಯುವ ಹಾಗಿರಲಿಲ್ಲ. ಭಾವನ ಮುಖ ಮಾತ್ರ ಅರಳಿತ್ತು.

"ನೋಡು, ಹೇಗಿದೆ!" ಎಂದು ಕೂಗಿದರು. "ಇದರಲ್ಲಿ ಯಾರಿಗೆ ಏನು ಕೇಳುತ್ತೆ ಹೇಳು!"

ಅವರು ಅದನ್ನು ದೂರಿನ ಹಾಗೆ ಹೇಳಲಿಲ್ಲ. ಹೊಗಳಿಕೆಯ ಹಾಗೆ ಹೇಳಿದರು. ಆಗ ನನಗೆ ಮೊದಲ ಸುತ್ತಿನ ಕಿರ್ರ್ ನೆನಪಾಯಿತು.

"ಭಾವ, ಸ್ವಲ್ಪ ನಿಲ್ಸಿ."

ಅವರು ರಸ್ತೆ ನೋಡುತ್ತಲೇ ಇದ್ದರು. ಭುಜ ಮುಟ್ಟಿದೆ. ಒಂದು ಗೋದಾಮಿನ ನೆರಳಿಗೆ ಗಾಡಿ ತಂದು ಇಂಜಿನ್ ಆರಿಸಿದರು. ಹೇಗೆ ಕೇಳಬೇಕೆಂದು ಮನಸ್ಸಿನಲ್ಲೇ ನಾಲ್ಕಾರು ವಾಕ್ಯ ಮಾಡಿ ಅಳಿಸಿದೆ. ಕೊನೆಗೆ ಬಾಯಿಂದ ಬಂದದ್ದು ನೆಟ್ಟಗಿನ ಪ್ರಶ್ನೆಯೇ.

"ಮೊದಲನೇ ಸುತ್ತಲ್ಲಿ ಗಾಜು ಕಿರುಗುಟ್ಟಿದ್ದು ನಿಮಗೆ ಕೇಳಿಸ್ತಾ?"

ಭಾವ ಸ್ಟೀರಿಂಗನ್ನು ಅಂಗೈಯಿಂದ ಒರೆಸಿದರು. ಅಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

"ಎಡಗಿವಿ ಹೋಗಿ ತುಂಬ ದಿನ ಆಯ್ತು," ಎಂದರು. "ಈಗ ಬಲಗಿವೀನೂ ಅದರ ಹಿಂದೇನೇ ಹೊರಟಿದೆ. ದಪ್ಪ ಸದ್ದು ಕೇಳುತ್ತೆ. ಹಾರ್ನ್ ಕೇಳುತ್ತೆ, ನಿಮ್ಮಕ್ಕ ಬೈದದ್ದು ಕೇಳುತ್ತೆ. ಸಣ್ಣದು ಯಾವುದೂ ಇಲ್ಲ."

"ಅದಕ್ಕೇ ಈ ಪೈಪು?"

"ಇದನ್ನ ಹಾಕಿದ್ರೆ ನಿನಗೂ ಕೇಳಲ್ಲ. ಗಾಜು ಒಡೆದ್ರೆ ಪೈಪನ್ನ ಬೈತೀರಿ, ನನ್ನನ್ನಲ್ಲ." ತೂಗುತ್ತಿದ್ದ ಕೀಲಿಯನ್ನು ಬೆರಳಿನಿಂದ ತಟ್ಟಿದರು. "ಗೊತ್ತಾದ್ರೆ ಅವಳು ಗಾಡಿ ಕೀಲಿ ಕಿತ್ಕೊಳ್ತಾಳೆ ಕಣೋ. ಗಾಡಿ ಬಿಟ್ಟು ನಾನೇನ್ ಮಾಡ್ಲಿ? ಅಂಗಡೀಲಿ ಕೂತು ದಿನವಿಡೀ ಗಾಜು ಒರೆಸ್ಲಾ?"

ಹಾಗೇನೂ ಆಗುವುದಿಲ್ಲ ಎಂದು ಧೈರ್ಯ ಹೇಳಬೇಕಿತ್ತು. ಆದರೆ ಆಗುವುದಿಲ್ಲವೆಂದು ನನಗೇ ಗೊತ್ತಿರಲಿಲ್ಲ. ಗೊತ್ತಿದ್ದದ್ದನ್ನು ಹೇಳಿದೆ. "ನನಗೆ ಕೇಳಿಸಿತ್ತು."

"ಏನು?"

"ಕಿರುಗುಟ್ಟಿದ್ದು. ಚೆನ್ನಾಗಿ ಕೇಳಿಸಿತ್ತು."

"ಮತ್ತೆ ಯಾಕೋ ಬಾಯಿ ಬಿಡ್ಲಿಲ್ಲ?"

"ನೀವು ನಿಲ್ಲಿಸ್ಲಿಲ್ವಲ್ಲ. ನಂಗೇ ಭ್ರಮೆ ಅಂದ್ಕೊಂಡೆ."

ಭಾವ ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. "ಭೇಷ್! ಕಿವುಡ ನಂಬ್ಕೊಂಡಿದ್ದು ಪೈಪನ್ನ, ಕಿವಿ ಇರೋನು ನಂಬ್ಕೊಂಡಿದ್ದು ಕಿವುಡನನ್ನ! ಇನ್ನೂ ಒಂದೆರಡು ಗಾಜು ಉಳಿದಿರೋದೇ ಹೆಚ್ಚು."

ನಾನೂ ನಕ್ಕೆ.

ಅಂಗಡಿಗೆ ಮರಳಿದ ಮೇಲೆ ಭಾವ ಇಳಿಯಲಿಲ್ಲ. "ತೀರ್ಪು ನೀನೇ ಕೊಡು," ಎಂದರು. ದೊಡ್ಡ ಡಬ್ಬದ್ದನ್ನೇ ಹಾಕಿ ಎಂದು ನಾನು ಹೇಳಿದೆ. ಹೇಳುವಾಗ, ಇದರಿಂದ ಅವರ ಕೈಯಿಂದ ಗಾಡಿಯನ್ನೇ ಕಸಿಯುತ್ತಿದ್ದೇನೆಯೋ ಏನೋ ಎಂಬ ಅಳುಕು ಇತ್ತು. ಅಂಗಡಿಯಾಕೆ ಮುಖವಾಡ ಇಳಿಸಿಕೊಂಡು ಬೆಸುಗೆಗೆ ಕೂತರು. ಕಿಡಿ ಹಾರುವಷ್ಟು ಹೊತ್ತೂ ನಾನು ಬೇರೆ ಕಡೆ ನೋಡುತ್ತ ನಿಂತೆ.

ಅಕ್ಕನಿಗೆ ಭಾವನೇ ಹೇಳಿದರು. ಅವಳು ಸೌಟು ಹಿಡಿದುಕೊಂಡೇ ಕೇಳಿಸಿಕೊಂಡಳು. ನಾನು ಬಾಗಿಲ ಬಳಿ ನಿಂತಿದ್ದೆ.

"ಅಂದ್ರೆ ಇಷ್ಟು ದಿನ ನಾನು ಹೇಳಿದ್ದಕ್ಕೆಲ್ಲ ಹೂಂ, ಹೂಂ ಅಂತಿದ್ದದ್ದು?"

"ಕೇಳಿಸ್ತಿರಲಿಲ್ಲ."

"ಅಯ್ಯೋ ದೇವರೇ! ಕೊನೆಗಾದ್ರೂ ದಾರಿಗೆ ಬಂದ್ರಲ್ಲ ಅಂತ ನಾನು ಒಳಗೊಳಗೇ ಖುಷಿಪಡ್ತಿದ್ದೆ!"

ಸೌಟನ್ನು ಬದಿಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಅವರ ಬಲಗಡೆಗೆ ಬಂದು ಕೂತಳು. ಕೀಲಿ ಕಿತ್ತುಕೊಂಡಳು, ನಿಜ. ಆದರೆ ಕಿವಿ ಡಾಕ್ಟರ ಬಳಿ ಕರೆದೊಯ್ದು, ಗಾಡಿ ಓಡಿಸಲು ಅಡ್ಡಿಯಿಲ್ಲ, ಕಿವಿಗೊಂದು ಯಂತ್ರ ಬೇಕು ಎಂದು ಡಾಕ್ಟರೇ ಹೇಳುವವರೆಗೆ ಮಾತ್ರ. ಯಂತ್ರ ಬರುವುದು ತಡವಿತ್ತು. ಕನ್ನಡಿಗಳನ್ನು ಒಯ್ಯುವ ದಿನ ಅದಕ್ಕಿಂತ ಮೊದಲೇ ಬಂತು.

ಆ ದಿನ ಭಾವ ಗಾಡಿ ಓಡಿಸಿದರು, ಕೇಳಿಸಿಕೊಳ್ಳುವ ಕೆಲಸ ನನ್ನದು. ಹೊರಟು ಎರಡು ಬೀದಿ ದಾಟಿರಲಿಲ್ಲ, ನಿಲ್ಲಿಸಿ ಎಂದು ಕೈ ಎತ್ತಿದೆ. ಇಳಿದು ನೋಡಿದರೆ ಎಲ್ಲ ಬಿಗಿಯಾಗಿಯೇ ಇತ್ತು. ಸೇತುವೆ ದಾಟಿ ಮತ್ತೆ ಕೈ ಎತ್ತಿದೆ. ಏನೂ ಇಲ್ಲ. ಹಿಂದಿದ್ದ ಬಸ್ಸಿನವನು ಕಿಟಕಿಯಿಂದ ತಲೆ ಹಾಕಿ ಬೈದ. ಮಾರುಕಟ್ಟೆಯ ತಿರುವಿನಲ್ಲಿ ಮತ್ತೊಮ್ಮೆ ಏನೋ ಕೇಳಿಸಿತು. ಕೈ ತೊಡೆಯ ಮೇಲೇ ಉಳಿಯಿತು. ಇನ್ನೂ ಎಷ್ಟು ಸಲ ನಿಲ್ಲಿಸಲಿ ಎಂದು ನಾಚಿಕೆ.

"ಎತ್ತೋ ಕೈನ," ಎಂದರು ಭಾವ. ನನ್ನ ಮುಖ ನೋಡಿಯೇ ಅವರಿಗೆ ತಿಳಿದಿರಬೇಕು. "ಸುಮ್ಮನೆ ಇಳಿದು ಹತ್ತಿದ್ರೆ ನನ್ನ ಕಾಲೇನೂ ಸವೆಯಲ್ಲ."

ಬಲಗಡೆಯ ಬೆಲ್ಟಿನ ಕೊಕ್ಕೆ ಅರ್ಧ ಜಾರಿತ್ತು. ಭಾವ ಅದನ್ನು ಎಳೆದು ಬಿಗಿದರು. ನನ್ನ ಬೆನ್ನಿಗೆ ಮೆಲ್ಲಗೆ ಗುದ್ದಿ ಹೋಗಿ ಕೂತರು.

ಕನ್ನಡಿಗಳೆಲ್ಲ ಗೋಡೆ ಸೇರಿದವು. ಹಿಂದಿರುಗುವಾಗ ಗಾಡಿ ಖಾಲಿ. ನನಗೆ ಕೇಳಿಸಿಕೊಳ್ಳಲು ಕೆಲಸವೇನೂ ಇರಲಿಲ್ಲ.

"ಈಗ ಏನ್ ಕೇಳ್ತಿದೆ?" ಎಂದರು ಭಾವ.

"ಯಾಕೆ?"

"ಸುಮ್ನೆ. ಹೇಳು."

ಯಾರೋ ತಗಡು ಬಡಿಯುತ್ತಿದ್ದರು. ಶಾಲೆ ಬಿಟ್ಟ ಮಕ್ಕಳ ಗಲಾಟೆ ದೂರದಲ್ಲಿತ್ತು. ಒಂದೊಂದಾಗಿ ಹೇಳಿದೆ. ಅವರು ತಲೆಯಾಡಿಸುತ್ತ ಬಂದರು.

"ಇನ್ನೊಂದಿದೆ," ಎಂದೆ. "ಚೀಂವ್ ಅಂತ. ಹಕ್ಕಿ ಇರಬೇಕು. ಗೊತ್ತಿಲ್ಲ, ನಮ್ಮ ಗಾಡಿ ಬಾಗಿಲೂ ಇರಬಹುದು."

"ಬಾಗಿಲಾದ್ರೆ ರಿಪೇರಿಗೆ ನೀನು ಮತ್ತೆ ಊರೆಲ್ಲ ವಿಚಾರಿಸ್ತೀಯ," ಎಂದರು ಭಾವ. "ಹಕ್ಕಿ ಅಂತಲೇ ಇಟ್ಕೋ."