ಕಲ್ಲಾದ ಹೆಂಗಸಿನ ಕುಲ

ನಮ್ಮಪ್ಪ ಲೊಮುರಿಯಾ ಆಡು ಕಾಯುವಾಗ ಒಣಹಳ್ಳದಲ್ಲಿ ಕಂಡ ತಲೆಬುರುಡೆಗೆ ನನಗಿಂತ ಎರಡು ವರ್ಷ ಹೆಚ್ಚು ವಯಸ್ಸು ಎಂದು ಮನೆಯಲ್ಲಿ ಲೆಕ್ಕ. ಹದಿನೆಂಟು ಲಕ್ಷ ವರ್ಷ ಎಂದು ನಾನು ಓದಿ ಬಂದು ಹೇಳಿದರೂ ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಹುಟ್ಟುವ ಎರಡು ವರ್ಷ ಮೊದಲು ಸಿಕ್ಕಿದ್ದರಿಂದ ಅವನಿಗೆ ಅವಳು ಹಿರಿಮಗಳು.

ಪಂಡಿತರು ಬಂದು, ಇದು ಹೆಂಗಸಿನದು, ಇಂಥ ಮನುಷ್ಯಜಾತಿ ಇನ್ನೆಲ್ಲೂ ಸಿಕ್ಕಿಲ್ಲ ಎಂದು ನಮ್ಮ ಹಳ್ಳದ ಹೆಸರನ್ನೇ ಸೇರಿಸಿ ಹೊಸ ಪ್ರಭೇದ ಮಾಡಿದ್ದರು. ಅಂದಿನಿಂದ ಗಂಡಸರು ಕೂರುವ ಮರದಡಿ ಅಪ್ಪನ ಜಂಬಕ್ಕೆ ಕಡಿವಾಣವಿರಲಿಲ್ಲ. ಕೇಳಿ ಕೇಳಿ ಮರಕ್ಕೂ ಬಾಯಿಪಾಠವಾಗಿತ್ತು.

ಈಗ ಆ ಹೆಸರನ್ನು ಅಳಿಸುವ ಲೇಖನ ಬರೆದು ಪತ್ರಿಕೆಗೆ ಕಳಿಸಿದವಳು ನಾನೇ; ಅದಿನ್ನೂ ಅಚ್ಚಾಗಿಲ್ಲ. ನೈರೋಬಿಯಲ್ಲಿ ಹಳೆಯ ಮೂಳೆ ಅಳೆಯುವುದು ನನ್ನ ಕೆಲಸ. ಈಚೆಗೆ ಸಿಕ್ಕ ದವಡೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ, ನಮ್ಮವಳೂ, ಅವಳಿಗಿಂತ ಮೊದಲೇ ನಮ್ಮ ತುರ್ಕಾನಾ ಸರೋವರದ ಉತ್ತರದಲ್ಲಿ ಸಿಕ್ಕಿ ಹೆಸರು ಪಡೆದಿದ್ದ ದಪ್ಪ ದವಡೆಯವನೂ ಒಂದೇ ಜಾತಿ. ಅವನು ಗಂಡು, ಇವಳು ಹೆಣ್ಣು, ಅಷ್ಟೇ. ಎರಡು ಒಂದಾದರೆ ಮೊದಲಿಟ್ಟ ಹೆಸರೇ ಉಳಿಯಬೇಕೆಂಬುದು ನಮ್ಮ ಶಾಸ್ತ್ರದ ಕಟ್ಟಳೆ. ಅಪ್ಪ ಬೇಡವೆಂದರೆ ಲೇಖನ ಹಿಂದಕ್ಕೆ ಪಡೆಯುವುದೆಂದು ನಿಶ್ಚಯಿಸಿಯೇ ಊರಿಗೆ ಬಂದೆ. ವಿಜ್ಞಾನಿಗೆ ಅದು ಶೋಭೆಯಲ್ಲ, ಗೊತ್ತು. ಆದರೆ ಅಪ್ಪನ ಮುಖ ಸಣ್ಣದಾಗುವುದನ್ನು ನೋಡಲು ನನಗೆ ಧೈರ್ಯವಿರಲಿಲ್ಲ.

"ಅಳಿಸ್‌ಬಿಡ್ತೀಯಾ?" ರಾತ್ರಿ ಊಟಕ್ಕೆ ಕೂತಾಗ ನಾನು ವಿಷಯ ಹೇಳಿದೊಡನೆ ಅಪ್ಪ ಕೇಳಿದ.

"ಅವಳನ್ನಲ್ಲಪ್ಪಾ, ಹೆಸರನ್ನ. ಇನ್ಮೇಲೆ ಅವಳು ಉತ್ತರದವನ ಜೊತೆ."

"ಮೆರಿಲೆಗಳ ಜೊತೆಗಾ?" ಅಪ್ಪ ಬೆಚ್ಚಿಬಿದ್ದ. ಮೆರಿಲೆಗಳು ಉತ್ತರದ ಬುಡಕಟ್ಟಿನವರು; ನಮ್ಮ ದನ ಅವರು, ಅವರ ದನ ನಾವು ಹೊಡೆದುಕೊಂಡು ಬರುವುದು ತಾತಂದಿರ ಕಾಲದ ಪದ್ಧತಿ. "ನಮ್ದು ಇಡೀ ತಲೆ ಕಣೇ! ಅವರ್ದು ಬರೀ ಒಂದ್ ದವಡೆ!"

"ಮೊದ್ಲು ಹೆಸರಿಟ್ಟೋರ್ದೇ ನಡೆಯೋದಪ್ಪಾ."

ಅಪ್ಪ ಮುಂದಿದ್ದ ಆಡಿನ ಮಾಂಸ ಮುಟ್ಟದೆ ಎದ್ದುಹೋದ. ಮಾಂಸ ಬಿಟ್ಟೇಳುವ ತುರ್ಕಾನಾ ಗಂಡಸನ್ನು ನಾನು ಕಂಡಿರಲೇ ಇಲ್ಲ.

ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಸುದ್ದಿ ಮರದಡಿ ತಲುಪಿತ್ತು. ಅಪ್ಪನ ಹಳೇ ಗೆಳೆಯ ಎಬೆಯಿ ತನ್ನ ಪುಟ್ಟ ಮಣೆಯ ಮೇಲೆ ಕೂತು ಕಾಯುತ್ತಿದ್ದ.

"ಏನ್ ಲೊಮುರಿಯಾ, ನಿನ್ ದೊಡ್ ಮಗಳನ್ನ ಮೆರಿಲೆಯವನು ಹಾರಿಸ್ಕೊಂಡ್ ಹೋದ್ನಂತೆ?"

ಎಲ್ಲರೂ ಗೊಳ್ಳೆಂದರು. ಅಪ್ಪ ಅವಸರ ಮಾಡಲಿಲ್ಲ. ತನ್ನ ಮಣೆ ಇಟ್ಟು ಕೂತು, ಹೊಗೆಸೊಪ್ಪು ಬಾಯಿಗಿಟ್ಟುಕೊಂಡ.

"ನಿನ್ ಹೆಂಡ್ತಿ ನಮ್ಮ ಕುಲದೋಳು ತಾನೇ ಎಬೆಯಿ? ಮದುವೆ ಎತ್ತು ಕಡಿದ್ಮೇಲೆ ನಿಮ್ಮ ಕುಲ ಸೇರಿದ್ಲು. ಅವಳ ಮೂಳೆ ಏನಾದ್ರೂ ಬದಲಾಯ್ತಾ?"

"ನಾಲಿಗೇನೂ ಬದಲಾಗ್ಲಿಲ್ಲ ಮಾರಾಯಾ!"

"ಹಂಗೇ ಇದೂನೂ. ನನ್ ಮಗಳು ಗಂಡನ ಮನೆ ಸೇರಿದ್ಲು. ಇಷ್ಟ್ ದಿನ ಜಗತ್ತಲ್ಲಿ ಒಬ್ಳೇ ಇದ್ಲು ಪಾಪ. ಇನ್ಮೇಲೆ ಅವಳಿಗೂ ನೆಂಟರು, ಇಷ್ಟರು."

"ಮತ್ತೆ ಹೆಣ್ಣಿನ ತೆರ ಎಲ್ಲಿ? ಒಂಟೆ, ದನ ಏನೂ ಕಾಣ್ತಿಲ್ಲ!"

"ಬರ್ತವೆ ಬಿಡು. ಹದಿನೆಂಟು ಲಕ್ಷ ವರ್ಷ ಕಾದಿದಾಳೆ, ಇನ್ನೆರಡು ಮಳೆ ಕಾಯ್ತಾಳೆ."

ಎಬೆಯಿ ನಕ್ಕು ನಕ್ಕು ಮಣೆಯಿಂದ ಜಾರಿದ. ಅವನೇ ಎದ್ದು ಬಂದು, ಮದುವೆ ಮನೆಯ ಯಜಮಾನನಿಗೆ ಕೊಡುವಂತೆ ಅಪ್ಪನ ಕೈಗೆ ಹೊಗೆಸೊಪ್ಪು ಕೊಟ್ಟ. ಅಪ್ಪ ಗತ್ತಿನಿಂದಲೇ ತೆಗೆದುಕೊಂಡ. ನನಗೆ ಹಾಯೆನಿಸಿತು.

ಆದರೂ ಮನೆಯ ದಾರಿಯಲ್ಲಿ ಕೇಳಿಯೇ ಬಿಟ್ಟೆ. "ಅಪ್ಪಾ, ನಿಜ ಹೇಳು. ಬೇಡ ಅಂದ್ರೆ ನಾನ್ ಹಿಂದಕ್ಕೆ ತಗೋತೀನಿ. ಇವತ್ತಲ್ಲ ನಾಳೆ ಬೇರೆ ಯಾರೋ ಬರೀತಾರೆ."

ಅಪ್ಪ ನಿಂತ. ಕಣ್ಣು ತುಂಬಿತ್ತು. ಅದನ್ನು ಮರೆಮಾಚಲೂ ಹೋಗಲಿಲ್ಲ.

"ಹುಚ್ಚೀ, ಹೆಣ್ಣು ಒಪ್ಪಿಸೋ ಮಾತು ಹೊರಗಿನೋರ ಬಾಯಲ್ಲಿ ಬರ್ಬೇಕಾ? ಒಡಹುಟ್ಟಿದೋಳು ನೀನಿದೀಯಲ್ಲ, ನೀನೇ ಬರಿ."