ಜೇಬಿನಿಂದ ತೆಗೆಯದ ಅಯಸ್ಕಾಂತ

ಸ್ಮಶಾನಕ್ಕೆ ಹೊರಟ ವ್ಯಾನಿನ ಹಿಂದಿನ ಸಾಲಿನಲ್ಲಿ ಒಬ್ಬರಿಗೆ ಜಾಗ ಕಂಡು ಕಾರು ಡೀಲರ್ ಒಂದು ಕಾಲು ಮೇಲಿಟ್ಟೂ ಆಗಿತ್ತು. ಅಷ್ಟರಲ್ಲಿ ತೀರಿಕೊಂಡ ಮೆಕ್ಯಾನಿಕ್ಕನ ಮಗಳು ಹಿಂದಿನಿಂದ ಕೂಗಿದಳು.

"ಚಿಕ್ಕಪ್ಪ, ಅಲ್ಲಿ ಯಾಕೆ ಹತ್ತುತ್ತೀರಿ? ನನ್ನ ಕಾರಲ್ಲಿ ಬನ್ನಿ. ಅಮ್ಮ ಶವದ ಗಾಡೀಲಿ ಅಪ್ಪನ ಜೊತೆ ಬರ್ತಾಳೆ. ಒಬ್ಬಳೇ ಓಡಿಸ್ಕೊಂಡು ಹೋಗೋಕೆ ನನ್ನ ಕೈಲಾಗಲ್ಲ."

"ಇಲ್ಲೇ ಜಾಗ ಇದೆಯಮ್ಮ."

"ಹೋಗ್ರಿ, ಹೋಗ್ರಿ," ಎಂದು ಒಳಗೆ ಕೂತಿದ್ದ ಮೇಷ್ಟ್ರು ಅವನ ಬೆನ್ನು ತಟ್ಟಿದರು. "ನೀವೇ ಮಾರಿದ ಗಾಡಿ. ಕೂರೋಕೆ ನಿಮಗೇನು ಭಯ?"

ಡೀಲರ್ ಕಾಲು ಕೆಳಗಿಳಿಸಿದ. ರಸ್ತೆಯಾಚೆ ಕೆಂಪು ಕಾರು ನಿಂತಿತ್ತು. ಎರಡೇ ಸೀಟು, ನೆಲಕ್ಕೆ ತಾಗುವಂಥ ಮೈ, ಹೊರದೇಶದ್ದು. ಹೋಗಿ ಬರುವವರೆಲ್ಲ ಅದನ್ನು ತಿರುಗಿ ನೋಡುತ್ತಿದ್ದರೆ, ಡೀಲರ್ ಮಾತ್ರ ಬೆಳಗ್ಗೆಯಿಂದ ಆ ಕಡೆ ಕತ್ತು ಹೊರಳಿಸಿರಲಿಲ್ಲ. ಅದು ಒಂದು ಗಾಡಿಯಲ್ಲ, ಎರಡು ಎನ್ನುವುದು ಈ ಊರಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಮೂತಿ ನಜ್ಜುಗುಜ್ಜಾದ ಒಂದು ಕಾರು, ಬೆನ್ನು ನಜ್ಜುಗುಜ್ಜಾದ ಇನ್ನೊಂದು. ಉಳಿದ ಅರ್ಧಗಳನ್ನು ಯಾರೋ ಪುಣ್ಯಾತ್ಮರು ಸೇರಿಸಿ ಬೆಸೆದು, ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಹಡಗು ಹತ್ತಿಸಿದ್ದರು. ಬೆಸುಗೆ ಹಾದುಹೋಗಿದ್ದು ಸರಿಯಾಗಿ ಸೀಟುಗಳ ಕೆಳಗೆ.

ಅವನು ಹೋಗಿ ಆ ಸೀಟಿನ ಮೇಲೆ ಕೂತ.

*

ಮೆಕ್ಯಾನಿಕ್ಕನನ್ನು ಜೊತೆಗೆ ಕರೆದುಕೊಂಡು ಹೋಗದೆ ಆ ಊರಿನಲ್ಲಿ ಯಾರೂ ಕಾರು ಕೊಳ್ಳುತ್ತಿರಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಪುಟ್ಟ ಅಯಸ್ಕಾಂತವೊಂದು ಸದಾ ಅವನ ಅಂಗಿಯ ಜೇಬಿನಲ್ಲಿರುತ್ತಿತ್ತು. ಅದನ್ನು ಗಾಡಿಯ ಮೈಮೇಲೆ ಆಡಿಸುತ್ತ ಹೋಗುವನು. ತಗಡಿದ್ದಲ್ಲಿ ಅಂಟುತ್ತದೆ, ಬಣ್ಣದಡಿ ಪುಟ್ಟಿ ತುಂಬಿದ್ದರೆ ಜಾರಿ ಬೀಳುತ್ತದೆ. ಬಿದ್ದರೆ ಅವನು ಯಾರನ್ನೂ ಬೈಯುತ್ತಿರಲಿಲ್ಲ. ಎತ್ತಿ ಒರೆಸಿ ಜೇಬಿಗೆ ಹಾಕಿ, "ಬನ್ನಿ, ಟೀ ಕುಡಿಯೋಣ" ಎನ್ನುವನು. ಅಲ್ಲಿಗೆ ವ್ಯಾಪಾರ ಮುಗಿಯಿತು. ಮೂವತ್ತು ವರ್ಷ ಹೀಗೆ ಟೀ ಕುಡಿಸಿ ಅವನು ಕೆಡಿಸಿದ ವ್ಯಾಪಾರ ಲೆಕ್ಕ ಹಾಕಿದರೆ ಡೀಲರಿಗೆ ಅವನು ಶತ್ರುವಾಗಬೇಕಿತ್ತು. ಆದರೆ ಅಣ್ಣ, ತಮ್ಮ ಎಂದು ಕರೆಯುತ್ತ ಕರೆಯುತ್ತ ಇಬ್ಬರೂ ಹಾಗೇ ಆಗಿಹೋಗಿದ್ದರು.

ಮಗಳಿಗೆ ಸ್ಪೋರ್ಟ್ಸ್ ಕಾರಿನ ಹುಚ್ಚು. "ಇಲ್ಲಿನ ಕಂಪನೀದೇ ತಗೋ," ಎಂದು ಅಪ್ಪ ಹತ್ತು ದಿನ ಗೋಗರೆದಿದ್ದ. "ಬೋಲ್ಟ್ ಹೋದ್ರೆ ಮೂಲೆ ಅಂಗಡೀಲಿ ಸಿಗುತ್ತೆ. ಹೊರಗಿನದಕ್ಕೆ ಕನ್ನಡಿ ಒಡೆದ್ರೂ ಆರು ತಿಂಗಳು ಕಾಯ್ಬೇಕು."

"ಅದು ನೋಡೋಕೆ ಸೋಪಿನ ಡಬ್ಬಿ ಇದ್ದಂಗಿದೆ ಅಪ್ಪ."

ಅಪ್ಪ ಸೋತ. ಆ ಶೋರೂಮು ಈ ಶೋರೂಮು ಎಂದು ಅಲೆದು, ಕೊನೆಗೆ ಇಬ್ಬರೂ ಡೀಲರನ ಮುಂದೆ ಬಂದು ಕೂತರು. ಕಣ್ಣಾರೆ ನೋಡದೆ ತರಿಸಿಕೊಂಡು ಮೋಸ ಹೋದ ಆ ಕೆಂಪು ಕಾರು ಏಳು ತಿಂಗಳಿಂದ ಡೀಲರನ ನಿದ್ದೆ ತಿನ್ನುತ್ತಿತ್ತು. ಮೆಕ್ಯಾನಿಕ್ ಒಂದು ರೇಟು ಹೇಳಿದ. ಡೀಲರ್ ಒಪ್ಪಿಬಿಟ್ಟ.

"ಏನೋ ತಮ್ಮ, ಇಷ್ಟು ಬೇಗ ಇಳಿದುಬಿಟ್ಟೆ? ನಿನ್ನನ್ನ ಒಂದು ಸಾವಿರ ಇಳಿಸೋಕೆ ನನಗೆ ಮೂರು ಟೀ ಬೇಕಾಗ್ತಿತ್ತು."

"ನಮ್ಮನೆ ಮಗಳಲ್ವಾ ಅಣ್ಣ."

ಮೆಕ್ಯಾನಿಕ್ಕನ ಕೈ ರೂಢಿಯಂತೆ ಜೇಬಿಗೆ ಹೋಯಿತು. ಡೀಲರ್ ಆ ಕೈಯ ಮೇಲೆ ತನ್ನ ಕೈ ಇಟ್ಟ. "ಅಣ್ಣ, ನಮ್ಮಿಬ್ಬರ ಮಧ್ಯೆ ಅದು ಬೇಕಾ?"

ಮೆಕ್ಯಾನಿಕ್ಕನ ಮುಖ ಕೆಂಪಾಯಿತು. ಬರಿಗೈಯನ್ನು ಹೊರಗೆ ತೆಗೆದು, "ತಪ್ಪಾಯ್ತು ಕಣೋ, ಅಭ್ಯಾಸಬಲ," ಎಂದ. ಹುಡುಗಿ ಊರೊಳಗಷ್ಟೇ ಓಡಿಸುತ್ತಾಳೆ ಎಂದು ಡೀಲರ್ ಅಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

*

ಸ್ಮಶಾನ ಗುಡ್ಡದ ಮೇಲಿತ್ತು. ಮೊದಲ ತಿರುವಿನಲ್ಲಿ ಸೀಟಿನ ಕೆಳಗೆ 'ಕಟಕ್' ಎಂದಿತು. ಡೀಲರ್ ಬಗ್ಗಿ ಕಾಲ ಕೆಳಗೆ ನೋಡಿದ.

"ಒಂದು ವಾರದಿಂದ ಹೀಗೇ," ಎಂದಳು ಮಗಳು. "ಅಪ್ಪನಿಗೆ ತೋರಿಸೋಣ ಅಂದ್ಕೊಂಡೆ. ಅವರು ಹಾಸಿಗೆ ಹಿಡಿದವರು ಏಳಲೇ ಇಲ್ಲ. ಏನದು ಚಿಕ್ಕಪ್ಪ?"

"ಸೀಟಿನ ಸದ್ದಮ್ಮ. ಹೊಸತರಲ್ಲಿ ಇರುತ್ತೆ." ಬಾಯಿಗೆ ಬಂದದ್ದನ್ನು ಆಡಿಬಿಟ್ಟು, ಮರುಕ್ಷಣ ನಾಲಿಗೆ ಕಚ್ಚಿಕೊಂಡ. "ಸ್ವಲ್ಪ ನಿಧಾನ ಹೋಗು ತಾಯಿ."

"ಇದು ನಿಧಾನಾನೇ! ಮಣ್ಣು ಮುಗಿದ ಮೇಲೆ ಅಮ್ಮನ್ನ ಇದರಲ್ಲೇ ನನ್ನ ಊರಿಗೆ ಕರ್ಕೊಂಡು ಹೋಗ್ತೀನಿ. ಹೈವೇಲಿ ಎರಡು ಗಂಟೆ ಸಾಕು. ಈಗ ನೀವು ಕೂತಿರೋ ಸೀಟಲ್ಲೇ ಅವಳು ಆರಾಮಾಗಿ ನಿದ್ದೆ ಮಾಡ್ಲಿ."

ಇನ್ನೊಂದು ತಿರುವು, ಇನ್ನೊಂದು ಕಟಕ್. ಡೀಲರ್ ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡ. ಹಿಡಿಯೂ ಆ ಬಾಗಿಲಿನದೇ, ಬಾಗಿಲೂ ಆ ಗಾಡಿಯದೇ.

ಎಲ್ಲ ಮುಗಿದು ಜನ ಗೋಡೆಯ ನೆರಳಿಗೆ ಬಂದರು. "ಹನ್ನೊಂದು ಸಲ ಟೀ ಕುಡಿಸಿದ ನನಗೆ," ಎಂದು ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. "ಹನ್ನೆರಡನೇ ಸಲಕ್ಕೆ ಕಾರು ಕೊಡಿಸಿದ. ಹದಿನೆಂಟು ವರ್ಷ ಆಯ್ತು, ಇನ್ನೂ ಓಡ್ತಿದೆ."

"ನಾನು ಕೊಳ್ಳಬೇಕಿದ್ದ ಟ್ಯಾಕ್ಸಿ ಬೇಡ ಅಂದಿದ್ರು," ಎಂದ ಟ್ಯಾಕ್ಸಿಯವನು. "ಆಮೇಲೆ ಅದನ್ನ ಬೇರೆಯೋನು ತಗೊಂಡ. ಇಳಿಜಾರಲ್ಲಿ ಎರಡು ತುಂಡಾಯ್ತು. ಅವನ ಹೆಂಡ್ತಿ ಪಕ್ಕದಲ್ಲೇ ಕೂತಿದ್ಳು ಪಾಪ."

ಡೀಲರ್ ಕೆಂಪು ಕಾರಿನತ್ತ ನೋಡಿದ. ಹೇಳಿದರೆ ಅಂಗಡಿ ಮುಚ್ಚಬೇಕು, ಜೈಲೂ ಆದೀತು. ಈ ಜನರ ಮುಖ ನೋಡುವುದಂತೂ ಇನ್ನಿಲ್ಲ. ಹೇಳದಿದ್ದರೆ ಕೇಳುವವರು ಯಾರು? ನೋಡಿ ಹೇಳಬಲ್ಲವನು ಮಣ್ಣಿನಡಿ ಮಲಗಿದ್ದ.

ಮೆಕ್ಯಾನಿಕ್ಕನ ಹೆಂಡತಿ ನಿಧಾನವಾಗಿ ಅವನ ಬಳಿ ಬಂದಳು. ಅವನ ಕೈ ಹಿಡಿದು, ಅಂಗೈಯಲ್ಲಿ ಬಟ್ಟೆಯ ಪುಟ್ಟ ಗಂಟನ್ನಿಟ್ಟಳು.

"ಇದನ್ನ ನಿಮಗೇ ಕೊಡು ಅಂದಿದ್ರು. 'ಇನ್ಮೇಲೆ ಜನಕ್ಕೆ ಗಾಡಿ ನೋಡಿಕೊಡೋರು ಯಾರು, ಅವನೇ ನೋಡ್ಲಿ. ಜೀವಮಾನದಲ್ಲಿ ಅವನೊಬ್ಬನ ಮಾತಿಗೆ ಮಾತ್ರ ನಾನು ಇದನ್ನ ಜೇಬಿಂದ ತೆಗೀಲಿಲ್ಲ' ಅಂದ್ರು."

"ಅತ್ತಿಗೆ..." ಎಂದ ಡೀಲರ್.

"ಬಾಮ್ಮ, ಹೊತ್ತಾಯ್ತು," ಎಂದು ಮಗಳು ಕರೆದಳು. ತಾಯಿ ಹೋಗಿ ಕೆಂಪು ಕಾರಿನಲ್ಲಿ ಕೂತು, ಮೊಣಕಾಲಿನ ಮೇಲೆ ಗಂಡನ ಕನ್ನಡಕದ ಡಬ್ಬಿ ಇಟ್ಟುಕೊಂಡಳು. ಮಗಳು ಎಂಜಿನ್ ಶುರು ಮಾಡಿದಳು. ತಾಯಿ ಬಾಗಿಲೆಳೆದುಕೊಳ್ಳಲು ಕೈ ಚಾಚಿದಾಗ ಡೀಲರ್ ಓಡಿಬಂದು ಬಾಗಿಲನ್ನು ಹಿಡಿದ. ಎಲ್ಲರ ಮುಂದೆ, ಒಳ್ಳೆಯ ಬಟ್ಟೆಯಲ್ಲೇ, ಮಣ್ಣಿನ ಮೇಲೆ ಮಂಡಿಯೂರಿದ.

"ಏನು ಬಿತ್ತು ಚಿಕ್ಕಪ್ಪ?"

ಅವನು ಗಂಟು ಬಿಚ್ಚಿದ. ಬಾಗಿಲ ಕೆಳಗಿನ ಪಟ್ಟಿಯ ಮುಂದಿನ ತುದಿಗೆ ಅಯಸ್ಕಾಂತ ಇಟ್ಟ. ಟಕ್ ಎಂದು ಅಂಟಿತು. ಅದನ್ನು ಬೆರಳಿನಿಂದ ಹಿಂದಕ್ಕೆ ತಳ್ಳುತ್ತ ಬಂದ. ಅತ್ತಿಗೆಯ ಸೀಟಿನ ನೇರಕ್ಕೆ ಬಂದಾಗ ಅದು ಜಾರಿ ಕೆಳಗೆ ಬಿತ್ತು. ಎತ್ತಿ ಮತ್ತೆ ಇಟ್ಟ. ಮತ್ತೆ ಬಿತ್ತು.

ನೆರಳಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಹತ್ತಿರ ಬಂದರು. ಮಗಳು ಎಂಜಿನ್ ಆರಿಸಿ, ಸುತ್ತಿ ಬಂದು ಅವನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಮಣ್ಣಿನಿಂದ ಅಯಸ್ಕಾಂತವನ್ನು ಎತ್ತಿಕೊಂಡು, ತಾನೇ ಅದೇ ಜಾಗಕ್ಕೆ ಒತ್ತಿ ಹಿಡಿದು, ಬಹಳ ಹೊತ್ತು ಬೆರಳು ತೆಗೆಯಲಿಲ್ಲ.