ಮೊದಲು ಊಟ, ಆಮೇಲೆ ಗಾಡಿ

ಬಾಳೆ ಎಲೆ ಬಿಸಿಲು ತಾಳುವುದಿಲ್ಲ. ಅಂಧೇರಿ ಫ್ಲೈಓವರ್ ಮೇಲೆ ಟೆಂಪೋ ನಿಂತಿತೆಂದರೆ ಸ್ವಲ್ಪ ಹೊತ್ತಿಗೇ ಎಲೆಯ ಅಂಚು ಸುರುಳಿ ಸುತ್ತತೊಡಗುತ್ತದೆ. ನಮ್ಮ ಟೆಂಪೋಗೆ ನಿಲ್ಲಲು ಅದೇ ಜಾಗ ಬೇಕಿತ್ತು.

ನನ್ನ ಹೆಸರು ಶಬ್ರೀನ. ನಾವು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಈಗ ಇರುವುದು ಮುಂಬೈಯ ದಹಿಸರ್‌ನ ಸಾಲುಮನೆಗಳ ಒಂದು ಚಾಳಿನಲ್ಲಿ. ನಮ್ಮ ಅಬ್ಬಾ ಮುರ್ತುಜಾ ವಸಯಿ ಕಡೆಯಿಂದ ಬಾಳೆ ಎಲೆ ತಂದು ಮಾಟುಂಗದ ಒಂದು ಊಟದ ಹೋಟೆಲಿಗೆ ಕೊಡುತ್ತಾರೆ. ಕೊಡುತ್ತಿದ್ದರು ಎನ್ನಬೇಕು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನೂ ಅವರ ಜೊತೆ ಹೋಗುತ್ತಿದ್ದೆ. ದೊಡ್ಡ ಕೆಲಸವೇನಲ್ಲ. ಎಲೆಯ ಮೇಲೆ ಹೊದಿಸಿದ ಗೋಣಿಚೀಲಕ್ಕೆ ನೀರು ಚಿಮುಕಿಸುವುದು, ಗಾಡಿ ನಿಂತರೆ ಇಳಿದು ತಳ್ಳುವುದು.

ಆ ದಿನವೂ ತಳ್ಳಿಕೊಂಡೇ ಮಾಟುಂಗ ಮುಟ್ಟಿದೆವು. ಹೋಟೆಲಿನ ಮ್ಯಾನೇಜರ್ ಅಣ್ಣು ಬಾಗಿಲಲ್ಲೇ ನಿಂತಿದ್ದರು. ಅವರು ಉಡುಪಿ ಕಡೆಯವರು.

"ಎಂತ ಮುರ್ತುಜಾ, ಎಲೆ ಇಲ್ಲದೆ ನಾನು ಊಟ ಯಾವುದರಲ್ಲಿ ಬಡಿಸುದು ಮಾರಾಯಾ? ಅಂಗೈಯಲ್ಲಾ? ಜನ ಆಗಲೇ ಸಾಲು ನಿಂತಿದ್ದಾರೆ."

"ಗಾಡಿ ಕೈ ಕೊಡ್ತರೀ ಸೇಠ."

"ನಿನ್ನ ಗಾಡಿ ದಿನಾ ಕೈ ಕೊಡ್ತದೆ. ಕೈ ಎಷ್ಟುಂಟು ಅದಕ್ಕೆ? ನೋಡು, ಬೇಜಾರು ಮಾಡ್ಬೇಡ. ಇನ್ನೊಂದು ಸಲ ತಡ ಆದ್ರೆ ನಾನು ಬೇರೆಯವರಿಗೆ ಹೇಳ್ಲೇಬೇಕಾಗ್ತದೆ."

ನಮ್ಮ ಮನೆ ನಡೆಯುತ್ತಿದ್ದುದು ಆ ಒಂದು ಹೋಟೆಲಿನಿಂದ. ವಾಪಸು ಬರುವಾಗ ಬೋರಿವಲಿಯ ಹತ್ತಿರ ಅಬ್ಬಾ, "ಗಾಡಿ ಬದಲಾ ಮಾಡ್ಬೇಕು ಬೇಟಾ" ಅಂದರು.

ಹೊಸ ಗಾಡಿ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿಯನ್ನೇ ಹುಡುಕಬೇಕಿತ್ತು.

ನಮ್ಮ ಚಾಳಿನಲ್ಲೇ ರೂಪಾಲಿ ಇದ್ದಾಳೆ. ಅವರ ಮನೆಯವರು ಬೆಳಗಾವಿ ಕಡೆಯವರು. ಅವಳು ಗಾಡಿಗಳ ವಿಮೆ ಮಾಡಿಸುವ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಸುದ್ದಿ ಕಿವಿಗೆ ಬಿದ್ದಿದ್ದೇ ಚಪ್ಪಲಿಯನ್ನೂ ಬಿಡದೆ ನಮ್ಮ ಬಾಗಿಲಿಗೆ ಬಂದಳು.

"ಕಾಕಾ, ಹಳೇ ಗಾಡಿ ತಗೋಳಾಕತ್ತೀರಂತ?"

"ಹೊಸಾದು ತಗೋಳಾಕ ನಾ ಏನ್ ಬಿಲ್ಡರ್ ಏನವಾ?"

"ಹಳೇದು ತಗೋರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹೋಗೋ ಮುಂದ ಗ್ಯಾರೇಜಿನ ಅಕೀಲ ಮಿಸ್ತ್ರಿನ್ನ ಕರ್ಕೊಂಡು ಹೋಗ್ರಿ. ಬೆಳಿಗ್ಗೆ ಹೋಗ್ರಿ, ಹೇಳದಂಗ ಹೋಗ್ರಿ. ಎಂಜಿನ್ ಥಂಡಾ ಇದ್ದಾಗ ಸ್ಟಾರ್ಟ್ ಮಾಡಿ ನೋಡ್ಬೇಕು. ಬಿಸಿ ಮಾಡಿ ಇಟ್ಟ ಎಂಜಿನ್ ಎಂಥಾದ್ದೂ ಸ್ಟಾರ್ಟ್ ಆಗತೈತಿ."

"ಆಫೀಸಿನ್ಯಾಗ ಫ್ಯಾನಿನ ಕೆಳಗ ಕುಂತು ಎಂಜಿನ್ ನೋಡ್ತೀಯೇನು ನೀನು?" ಅಬ್ಬಾ ನಕ್ಕರು.

"ಎಂಜಿನ್ ನೋಡಂಗಿಲ್ರಿ. ಗಾಡಿ ತಗೊಂಡು ಬಂದು ಅಳೋವ್ರನ್ನ ನೋಡ್ತೀನಿ. ಇನ್ನೊಂದು. ಗಾಡಿ ನಂಬರ್ ನನಗ ಕಳಸ್ರಿ. ಸರ್ಕಾರದ ಆ್ಯಪ್‌ನ್ಯಾಗ ಹಾಕಿದ್ರ ಮಾಲಕ ಯಾರು, ಗಾಡಿ ಮ್ಯಾಲ ಸಾಲ ಐತೋ ಇಲ್ಲೋ ಎಲ್ಲಾ ಬರತೈತಿ."

"ಅದೆಲ್ಲಾ ಗುರ್ತಿಲ್ಲದವ್ರ ಕಡೆ. ನನಗ ಕೊಡಾಕತ್ತಾಂವ ದಾನಪ್ಪ. ಸಿಂದಗಿಯಾಂವ, ನಮ್ಮ ಕಡೆಯಾಂವ. ಮಿಸ್ತ್ರಿನ್ನ ಕರ್ಕೊಂಡು ಹೋದ್ರ ಅಂವಾ ಏನ್ ತಿಳ್ಕೋತಾನ? ನನಗ ಚೋರ್ ಅಂದಾರ ಅಂತ ತಿಳ್ಕೋತಾನ."

ಅಮ್ಮಿ ಒಳಗಿನಿಂದ ಕೇಳಿದರು, "ಚೋರ್ ಇದ್ರ?"

"ಅಖ್ತರೀ, ತೂ ಭಾಜಿ ಕಾಟ್," ಎಂದು ಅಬ್ಬಾ ಅಮ್ಮಿಯನ್ನು ತರಕಾರಿ ಹೆಚ್ಚಲು ಅಟ್ಟಿದರು.

ಅಬ್ಬಾನನ್ನು ದಡ್ಡ ಎಂದುಕೊಳ್ಳಬೇಡಿ. ಮುಂಬೈಯಲ್ಲಿ ದಿನವಿಡೀ ಹಿಂದಿ, ಮರಾಠಿ ಆಡಿ ಬಂದವರಿಗೆ ಯಾರಾದರೂ "ಏನ್ರೀ, ಹ್ಯಾಂಗದೀರಿ" ಎಂದರೆ ಸಾಕು, ಎದೆ ಸಡಿಲವಾಗುತ್ತದೆ. ದಾನಪ್ಪನಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿತ್ತು.

ಅವನ ಮನೆ ದಹಿಸರ್ ಆಚೆಗಿನ ಕಾಶಿಮೀರಾ ಕಡೆ. ಅವನು ಹೇಳಿದ ದಿನ, ಅವನು ಹೇಳಿದ ಹೊತ್ತಿಗೆ, ಮಿಸ್ತ್ರಿ ಇಲ್ಲದೆ ಅಬ್ಬಾ ಮತ್ತು ನಾನು ಹೋದೆವು. ಗಾಡಿ ಮನೆಯ ಮುಂದೆಯೇ ನಿಂತಿತ್ತು. ನಮ್ಮದರಷ್ಟೇ ಗಾತ್ರದ ಸಿಎನ್‌ಜಿ ಟೆಂಪೋ. ಹೊಸ ಬಣ್ಣ ಹೊಡೆದು, ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಅಬ್ಬಾ ಅದರ ಕಡೆ ತಿರುಗುವುದರೊಳಗೆ ದಾನಪ್ಪ ಅವರ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದುಕೊಂಡು ಹೋದ.

"ಗಾಡಿ ಎಲ್ಲಿ ಹೋಗ್ತದ ಮುರ್ತುಜಾಸಾಬ? ಮೊದಲ ಊಟ, ಆಮ್ಯಾಲ ಗಾಡಿ. ನೀವು ಇಂಡಿಯವ್ರು, ನಾವು ಸಿಂದಗಿಯವ್ರು. ಹಸದ ಹೊಟ್ಟಿಲೆ ವ್ಯವಹಾರ ಮಾಡಬಾರ್ದು."

ಅವನ ಹೆಂಡತಿ ಸುಂದ್ರವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅಬ್ಬಾ ಬಿಸಿ ರೊಟ್ಟಿಯ ಮೇಲೆ ಬಿಸಿ ರೊಟ್ಟಿ ತಿಂದರು. ರೊಟ್ಟಿ ಬಡಿಯುವ ಸದ್ದಿನ ನಡುವೆ ನನಗೆ ಹೊರಗಿನಿಂದ ಇನ್ನೊಂದು ಸದ್ದು ಕೇಳಿಸುತ್ತಿತ್ತು. ಯಾರೋ ಎಂಜಿನ್ ಶುರು ಮಾಡಲು ನೋಡುತ್ತಿದ್ದರು. ಅದು ಕೆಮ್ಮಿ ನಿಲ್ಲುತ್ತಿತ್ತು, ಮತ್ತೆ ಕೆಮ್ಮುತ್ತಿತ್ತು. ಕೊನೆಗೆ ಹತ್ತಿಕೊಂಡು ನಮ್ಮ ಊಟ ಮುಗಿಯುವವರೆಗೂ ಓಡಿತು.

ಒಳಗೆ ಬರುವಾಗಲೇ ನಾನು ಗಾಡಿಯ ನಂಬರನ್ನು ರೂಪಾಲಿಗೆ ಕಳಿಸಿದ್ದೆ. ಕೈ ತೊಳೆಯುವಾಗ ಅವಳ ಉತ್ತರ ಬಂತು: ಗಾಡಿಯ ಮೇಲೆ ಫೈನಾನ್ಸ್ ಕಂಪನಿಯ ಸಾಲ ಇದೆ, ಬ್ಯಾಡ ಅಂತ ಕಾಕಾಗೆ ಹೇಳು.

ನನಗೆ ಹೊರಗಿನವರ ಮುಂದೆ ಮಾತು ಬರುವುದಿಲ್ಲ. ಆದರೂ ಹೇಳಿದೆ. "ಅಬ್ಬಾ, ಗಾಡಿ ಮ್ಯಾಲ ಸಾಲ ಐತಂತ. ಎಂಜಿನ್ನೂ ಈಗ ಬಿಸಿ ಮಾಡ್ಯಾರ."

ದಾನಪ್ಪ ಸಿಟ್ಟಾಗಲಿಲ್ಲ. ನಕ್ಕ. "ಸಾಲ ಮುಗದು ಭಾಳ ದಿನಾ ಆತು ತಂಗಿ. ಕಂಪನಿಯವ್ರು ಹೆಸರ ತಗದಿಲ್ಲ, ಅಷ್ಟ. ಸಾಲ ತೀರ್ತು ಅನ್ನೋ ಎನ್‌ಒಸಿ ಕಾಗದ ಬರತದ. ನಾ ಎಲ್ಲಿ ಓಡಿ ಹೋಗ್ತೀನಿ?" ಅಡುಗೆಮನೆಯ ಕಡೆ ತಿರುಗಿದ. "ಕೇಳಿದೇನ? ಊರ ಹುಡುಗಿ ನನ್ನ ಇನ್‌ಕ್ವಾಯರಿ ಮಾಡಾಕತ್ತದ."

ಸುಂದ್ರವ್ವ ರೊಟ್ಟಿ ತಿರುವುತ್ತಾ ಅಂದಳು, "ಉಂಡ ಕೈ ಇನ್ನೂ ಒಣಗಿಲ್ಲಲ್ಲವಾ."

ಅಬ್ಬಾನ ಕಿವಿ ಕೆಂಪಾಯಿತು. ನನ್ನ ಕಡೆ ನೋಡಲಿಲ್ಲ. "ಚುಪ್ ಬೇಟಾ. ಉಂಡ ಮನಿ ಜಂತಿ ಎಣಸಬಾರ್ದು."

ಆಮೇಲೆ ಅವರು ಗಾಡಿಯ ಕೆಳಗೆ ಬಗ್ಗಿ ನೋಡಲಿಲ್ಲ. ಕಾಲಡಿಯ ಮ್ಯಾಟ್ ಎತ್ತಲಿಲ್ಲ. ಕಾಗದದ ಮಾತು ತೆಗೆಯಲಿಲ್ಲ. ಕೀಲಿ ತಿರುಗಿಸಿದರು, ಬಿಸಿ ಎಂಜಿನ್ ಒಂದೇ ಸಲಕ್ಕೆ ಹತ್ತಿತು. ವರ್ಷಗಟ್ಟಲೆ ಕೂಡಿಟ್ಟದ್ದನ್ನೆಲ್ಲ ಅಲ್ಲೇ ಕೊಟ್ಟರು. ನಮ್ಮ ಹಳೆಯ ಟೆಂಪೋವನ್ನೂ ಅದಕ್ಕೆ ಸೇರಿಸಿ ದಾನಪ್ಪನಿಗೆ ಬಿಟ್ಟರು. ಕಾಗದದ ಮೇಲೆ ಹೆಸರು ಬದಲಾಯಿಸುವುದು ಮುಂದಿನ ವಾರ ಎಂದ ಅವನು. ಮುಂದಿನ ವಾರ ಅವನಿಗೆ ಜ್ವರ ಬಂತು. ಅದರ ಮುಂದಿನ ವಾರ ಊರಿಗೆ ಹೋದ.

ಬೆಳಿಗ್ಗೆ ಹೊತ್ತು ಗಾಡಿ ಹತ್ತುತ್ತಿರಲಿಲ್ಲ. ಅಬ್ಬಾ ಬೇಗ ಎದ್ದು ಅದರ ಜೊತೆ ಗುದ್ದಾಡುತ್ತಿದ್ದರು.

"ಥಂಡಿಗೆ ಹಂಗ ಆಗತೈತಿ."

"ಮುಂಬೈಯಾಗ ಥಂಡಿ?" ಅಮ್ಮಿ ಕೇಳಿದರು.

ಆದರೂ ಎಲೆ ಹೊತ್ತಿಗೆ ಸರಿಯಾಗಿ ಮಾಟುಂಗ ಮುಟ್ಟುತ್ತಿತ್ತು. ಅಣ್ಣು ಒಂದು ದಿನ ನಮಗಿಬ್ಬರಿಗೂ ಕಾಫಿ ಕೊಡಿಸಿದರು. ಅಬ್ಬಾ ರಾತ್ರಿ ಅದನ್ನು ಅಮ್ಮಿಗೆ ಎರಡು ಸಲ ಹೇಳಿದರು.

ಒಂದು ಬೆಳಿಗ್ಗೆ ವಾಕೋಲಾ ಹತ್ತಿರ ಸಿಗ್ನಲಿನಲ್ಲಿ ನಿಂತಿದ್ದಾಗ ಬೈಕಿನ ಮೇಲೆ ಇಬ್ಬರು ಬಂದು ಅಡ್ಡ ನಿಂತರು. ಫೈನಾನ್ಸ್ ಕಂಪನಿಯ ಜನ. ಕಂತು ಕಟ್ಟಿಲ್ಲ, ಗಾಡಿ ಎತ್ತಲು ಆರ್ಡರ್ ಇದೆ ಎಂದು ಕಾಗದ ತೋರಿಸಿದರು.

"ಯೇ ಗಾಡಿ ಮೇರೀ ಹೈ," ಅಬ್ಬಾ ಅಂದರು.

"ಕಾಗಜ್ ಪೇ ನಾಮ್ ಕಹಾಂ ಹೈ ಆಪ್‌ಕಾ, ಚಾಚಾ?"

ಅವನು ಜೋರು ಮಾಡಲಿಲ್ಲ. ಹಾಗೆ ಕೇಳಿ ಸುಮ್ಮನೆ ಕಾಯುತ್ತಾ ನಿಂತ. ಗಾಡಿಯ ಕಾಗದದಲ್ಲಿ ಅಬ್ಬಾನ ಹೆಸರು ಎಲ್ಲೂ ಇರಲಿಲ್ಲ. ಎಲೆ ಇಳಿಸಿಕೊಳ್ಳಲು ಮಾತ್ರ ಬಿಟ್ಟರು. ಪಿಂಡಿಗಳನ್ನೆಲ್ಲ ಫುಟ್‌ಪಾತಿನ ಮೇಲೆ ಪೇರಿಸಿದೆವು. ಗಾಡಿ ಹೋಯಿತು.

ಆಟೋ ಬಾಂದ್ರಾ ದಾಟಿ ಮಾಟುಂಗಕ್ಕೆ ಬರುವಂತಿಲ್ಲ. ಟ್ಯಾಕ್ಸಿಯವರು ಒದ್ದೆ ಗೋಣಿಚೀಲ ನೋಡಿ ನಿಲ್ಲಿಸದೆ ಹೋದರು. ಕೊನೆಗೆ ನಾವಿಬ್ಬರೂ ಹೊರುವಷ್ಟು ಹೊತ್ತುಕೊಂಡು ಸಾಂತಾಕ್ರೂಜ್ ರೈಲು ಸ್ಟೇಷನ್ನಿಗೆ ನಡೆದೆವು. ಉಳಿದ ಎಲೆಗಳು ಅಲ್ಲೇ ಬಿಸಿಲಿನಲ್ಲಿ ಬಿದ್ದಿದ್ದವು. ಒಂದು ಎಮ್ಮೆ ಎಲ್ಲಿಂದಲೋ ಬಂದು ಬಾಯಿ ಹಾಕಿತು.

ನಾವು ಮುಟ್ಟುವಾಗ ಹೋಟೆಲಿನಲ್ಲಿ ಸ್ಟೀಲ್ ತಟ್ಟೆಯಲ್ಲಿ ಬಡಿಸುತ್ತಿದ್ದರು. ಅಣ್ಣು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾಳೆಯಿಂದ ಬೇಡ ಮುರ್ತುಜಾ. ನಾನೂ ಮಾಲೀಕರಿಗೆ ಉತ್ತರ ಹೇಳ್ಬೇಕು." ನನ್ನ ತಲೆಯ ಮೇಲಿನ ಪಿಂಡಿಯನ್ನು ಅವರೇ ಇಳಿಸಿದರು.

ಅದೇ ಸಂಜೆ ಕಾಶಿಮೀರಾಕ್ಕೆ ಹೋದೆವು. ಅಮ್ಮಿಯೂ ಬಂದರು. ದಾನಪ್ಪ ಬಾಗಿಲಲ್ಲಿ ನಮ್ಮನ್ನು ನೋಡಿ, ಏನೂ ಆಗದವನಂತೆ, "ಬರ್ರಿ ಬರ್ರಿ, ಮೊದಲ ಊಟ ಮಾಡ್ರಿ" ಎಂದ.

ಅಬ್ಬಾ ಚಪ್ಪಲಿ ಬಿಡಲಿಲ್ಲ. "ಗಾಡಿ ಎತ್ಕೊಂಡು ಹೋದ್ರು ದಾನಪ್ಪಾ."

"ಅಯ್ಯ! ಹೌದಾ? ನಾನೂ ಮೋಸ ಹೋಗೀನಿ ಸಾಬ. ನನಗ ಕೊಟ್ಟಾಂವ ಸಾಲ ಮುಗದದ ಅಂದಿದ್ದ."

"ನಮ್ಮ ಹಳೇ ಗಾಡಿ?"

"ಅದು ಗುಜರಿಗೆ ಹೋತು."

ಅಮ್ಮಿ ಮುಂದೆ ಬಂದರು. "ಭಾಯಿ, ಅವತ್ತ ನೀ ಇವ್ರಿಗೆ ಉಣ್ಣಾಕ ಹಾಕಿದ್ದು ನಮ್ಮ ಮನಿದ ಅನ್ನ."

ದಾನಪ್ಪ ಬಾಗಿಲು ಹಾಕಿಕೊಂಡ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ. ಇನ್ಯಾರೋ ಊಟಕ್ಕೆ ಕೂತಿದ್ದರು.

ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ದೂರು ಬರೆಯಲು ರೂಪಾಲಿ ರಜೆ ಹಾಕಿ ಜೊತೆಗೆ ಬಂದಳು. "ನಾ ಹೇಳಿರ್ಲಿಲ್ಲೇನು" ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಅದರ ಬದಲು ಅಬ್ಬಾನೇ ಬಸ್‌ ಸ್ಟಾಪಿನಲ್ಲಿ ಕೇಳಿದರು, "ಆ ಆ್ಯಪ್ ಹ್ಯಾಂಗ ನೋಡೋದವಾ? ನನಗೂ ಕಲಸು."

ಈಗ ಅಬ್ಬಾ ಪವಾಯಿಯಲ್ಲಿ ಬೇರೆಯವರ ಟೆಂಪೋ ಓಡಿಸುತ್ತಾರೆ. ನೀರಿನ ಕ್ಯಾನ್ ಹೊತ್ತು ದೊಡ್ಡ ದೊಡ್ಡ ಬಿಲ್ಡಿಂಗ್‌ಗಳ ಮಹಡಿ ಹತ್ತುತ್ತಾರೆ. ಮೊಣಕಾಲು ನೋಯುತ್ತದೆ. ಭಾನುವಾರ ಅಕೀಲ ಮಿಸ್ತ್ರಿಯನ್ನೂ ಅಮ್ಮಿಯನ್ನೂ ನನ್ನನ್ನೂ ಕರೆದುಕೊಂಡು ಹಳೆಯ ಗಾಡಿ ನೋಡಲು ಹೋಗುತ್ತಾರೆ, ನಸುಕಿನಲ್ಲೇ, ಮುಂಚೆ ಹೇಳದೆ. ಎಂಜಿನ್ ಮುಟ್ಟಿ ತಣ್ಣಗಿದೆಯೇ ನೋಡುತ್ತಾರೆ. ಮ್ಯಾಟ್ ಎತ್ತುತ್ತಾರೆ, ಕೆಳಗೆ ಕೆಸರಿನ ಗೆರೆ ಇದ್ದರೆ ಮಳೆ ನೀರಿನಲ್ಲಿ ಮುಳುಗಿದ ಗಾಡಿ. ಚಾಸಿಸ್ ನಂಬರನ್ನು ಆರ್‌ಸಿ ಕಾರ್ಡಿನ ನಂಬರಿನೊಂದಿಗೆ ಹೊಂದಿಸುತ್ತಾರೆ. ಮೊನ್ನೆ ಒಬ್ಬ ಮಾಲೀಕ, "ಇಷ್ಟು ಶಂಕೆ ಇದ್ರ ನಡೀರಿ" ಎಂದ. ಅಮ್ಮಿ, "ನಡೀರಿ" ಅಂದರು. ಬಂದೆವು. ಗಾಡಿ ಇನ್ನೂ ಸಿಕ್ಕಿಲ್ಲ. ಸಿಗುವ ಹೊತ್ತಿಗೆ ಮಾಟುಂಗದ ಹೋಟೆಲ್ ನಮ್ಮದಾಗಿರುವುದಿಲ್ಲ. ಅಲ್ಲಿಗೆ ಈಗ ಬೇರೆಯವರ ಎಲೆ ಹೋಗುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹಳೆಯ ಟೆಂಪೋ ಇರಬಹುದು, ಆಟೋ ಇರಬಹುದು. ಅದನ್ನು ಬದಲಾಯಿಸುವ ದಿನ ಬಂದರೆ ದಯವಿಟ್ಟು ಇಷ್ಟು ಮಾಡಿ. ಮಾರುವವನು ನಿಮ್ಮೂರಿನವನೇ ಇರಲಿ, ನಿಮ್ಮ ಬೀಗನೇ ಇರಲಿ, ಗಾಡಿಯ ನಂಬರ್ ಹಾಕಿ ಸಾಲ ಇದೆಯೇ ನೋಡಿ. ಸಾಲ ತೀರಿದ್ದರೆ ಫೈನಾನ್ಸ್ ಕಂಪನಿಯ ಎನ್‌ಒಸಿ ಮತ್ತು ಫಾರ್ಮ್ ಮೂವತ್ತೈದು ಕೈಗೆ ಬರಬೇಕು. ಹೆಸರು ಬದಲಾಯಿಸಲು ಫಾರ್ಮ್ ಇಪ್ಪತ್ತೊಂಬತ್ತು, ಮೂವತ್ತಕ್ಕೆ ಮಾರುವವನ ಸಹಿ ಬೇಕು. ಫಿಟ್‌ನೆಸ್, ವಿಮೆ, ತೆರಿಗೆ, ಬಾಕಿ ಚಲನ್ ನೋಡಿ. ನಿಮ್ಮ ಮಿಸ್ತ್ರಿಯನ್ನೇ ಕರೆದುಕೊಂಡು ಹೋಗಿ. ಮನೆಯ ಹೆಣ್ಣುಮಗಳು ಏನಾದರೂ ಕಂಡೆ ಎಂದರೆ ಅವಳ ಬಾಯಿ ಮುಚ್ಚಿಸಬೇಡಿ. ಹಣವನ್ನು ಒಂದೇ ಸಲಕ್ಕೆ ಕೊಡಬೇಡಿ.

ಕೊಂಡ ಗಾಡಿಯ ಆರ್‌ಸಿ ಕಾರ್ಡಿನ ಮೇಲೆ ನಿಮ್ಮ ಹೆಸರು ಬರುವವರೆಗೆ ನಿಮ್ಮ ಹಳೆಯ ಗಾಡಿಯ ಕೀಲಿಯನ್ನು ಯಾರಿಗೂ ಕೊಡಬೇಡಿ. ಅದು ಫ್ಲೈಓವರ್ ಮೇಲೆ ನಿಲ್ಲುತ್ತದೆ, ನಿಜ. ಆದರೆ ಅದನ್ನು ತಳ್ಳಿಕೊಂಡು ಹೋಗಲು ಯಾರ ಅಪ್ಪಣೆಯೂ ಬೇಕಿಲ್ಲ.